ಕೋರಂ ಆಗದ ಶನಿವಾರಗಳು

ಹೈದರಾಬಾದಿನ ದಿಲ್‌ಸುಖ್‌ನಗರದ ಆ ಮೂರನೇ ಮಹಡಿಯ ಮನೆಯಲ್ಲಿ ಶನಿವಾರ ಸಂಜೆ ಏಳು ಗಂಟೆಗೆ ಯಾರೂ ಟಿವಿ ಹಚ್ಚುವಂತಿರಲಿಲ್ಲ. ಆ ಹೊತ್ತಿಗೆ ಅಲ್ಲಿ ಆಫೀಸು ನಡೆಯುತ್ತಿತ್ತು. ಆಫೀಸೆಂದರೆ ಇನ್ನೇನು, ಎಂಬತ್ತನಾಲ್ಕು ವರ್ಷದ ಕಲ್ಯಾಣಪ್ಪನವರು ಒಬ್ಬರೇ! ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ದಿವಾನದ ಕೆಳಗಿಂದ ಕಬ್ಬಿಣದ ಟ್ರಂಕು ಎಳೆದು, ಅದರಿಂದ ಒಂದು ದಪ್ಪ ರಿಜಿಸ್ಟರ್ ತೆಗೆದು, ತಾರೀಖು ಹಾಕಿ ಎರಡು ಸಾಲು ಬರೆಯುತ್ತಿದ್ದರು. "ಹಾಜರಿ: ನಿಲ್. ಕೋರಂ ಇಲ್ಲದ ಕಾರಣ ಸಭೆಯನ್ನು ಮುಂದಿನ ಶನಿವಾರಕ್ಕೆ ಮುಂದೂಡಲಾಗಿದೆ." ಕೆಳಗೆ ಸಹಿ. ಆಮೇಲೆ ಟ್ರಂಕು ದಿವಾನದ ಕೆಳಗೆ, ಕೀಲಿ ಅಂಗಿಯ ಒಳಜೇಬಿಗೆ.

ಹೀಗೆ ನಲವತ್ತೊಂಬತ್ತು ವರ್ಷ. ಒಂದು ಶನಿವಾರ ತಪ್ಪಿಲ್ಲ. ಮಗ ಚೇತನಕುಮಾರನ ಮದುವೆ ಶನಿವಾರವೇ ಬಂದಿತ್ತು. ಬೀಗರೆಲ್ಲ ಊಟಕ್ಕೆ ಕೂತಾಗ ವರನ ಅಪ್ಪ ಕಾಣೆ. ಹುಡುಕಿದರೆ ಮಂಟಪದ ಹಿಂದಿನ ಕೋಣೆಯಲ್ಲಿ, ಬಾಳೆಗೊನೆಗಳ ನಡುವೆ ಕೂತು ಸಭೆ ಮುಂದೂಡುತ್ತಿದ್ದರು.

ಅವರ ಹೆಂಡತಿ ಸುಂದರಾಬಾಯಿಗೆ ಈ ಟ್ರಂಕಿನ ಹೆಸರು ಹೇಳಿದರೇ ಮೈ ಉರಿಯುತ್ತಿತ್ತು. ಟ್ರಂಕಿಗಲ್ಲ, ಪಾಪ, ಅದೇನು ಮಾಡಿತು? ಉರಿ ಬೇರೆ ಮಾತಿಗೆ. ಟ್ರಂಕು ತೆರೆಯುವ ಹೊತ್ತಿಗೆ ಆಕೆ ಕೋಣೆಯಲ್ಲಿ ಇರಕೂಡದು.

"ಆಫೀಸ್ ಕಾಗದ ಮನಿ ಮಂದಿ ನೋಡಬಾರದು, ಸುಂದರಾ. ಕಾನೂನು ಐತಿ."

"ನನ್ನ ದಿವಾನ, ಅದರ ಮ್ಯಾಲಿನ ಚಾದರ ನಂದು, ಕೆಳಗ ಕಸಾ ಹೊಡಿಯಾಕಿ ನಾನು. ಕಾನೂನು ಮಾತ್ರ ನಿಮ್ಮದು!" ಎಂದು ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆಯುತ್ತಿದ್ದರು. ಅಲ್ಲಿ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಕಲ್ಯಾಣಪ್ಪನವರು ಕೇಳಿಸದವರ ಹಾಗೆ ಬರೆಯುತ್ತಿದ್ದರು.

ಯಾವ ಸಭೆ, ಯಾರ ಹಾಜರಿ ಎಂದು ಹೇಳಿಬಿಡುತ್ತೇನೆ. ಹುಮನಾಬಾದ್ ಕಡೆಯಿಂದ ಬಂದ ಕಲ್ಯಾಣಪ್ಪ ಕಂದಾಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು. ಆಗ ಸಿಕಂದರಾಬಾದಿನ ಒಂದು ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಬಾಡಿಗೆ ಮಾಳಿಗೆಯಲ್ಲಿ, ಯೆಹೂದಿಯರದೊಂದು ಪುಟ್ಟ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಇತ್ತು. ಹನ್ನೆರಡೋ ಹದಿಮೂರೋ ಮನೆ. ಎಲ್ಲ ಕೊಂಕಣದ ಕಡೆಯವರು, ಮನೆಮಾತು ಮರಾಠಿ, ಹೆಚ್ಚಿನವರು ರೈಲ್ವೆ ನೌಕರರು. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಸಂಜೆ ಆಕಾಶದಲ್ಲಿ ಮೂರು ಚುಕ್ಕಿ ಕಾಣುವ ತನಕ ಅವರಿಗೆ ಸಬ್ಬತ್ತು, ಅಂದರೆ ಪೂರಾ ವಿಶ್ರಾಂತಿ. ಒಲೆ ಹಚ್ಚುವಂತಿಲ್ಲ, ಪೆನ್ನು ಮುಟ್ಟುವಂತಿಲ್ಲ. ಆದರೆ ಶನಿವಾರದ ಪ್ರಾರ್ಥನೆಗೆ ಯಾರು ಬಂದರೆಂದು ಬರೆದಿಡಬೇಕಲ್ಲ? ಅದಕ್ಕೇ ಸೆಕ್ರೆಟರಿ ಡೇನಿಯಲ್ ಸಾಹೇಬ ರೋಹೆಕರ್ ಅವರು ಹೊರಗಿನ ಒಬ್ಬ ಗುಮಾಸ್ತನನ್ನು ಇಟ್ಟುಕೊಂಡರು. ಮರಾಠಿ ಅಕ್ಷರ ಮುತ್ತಿನಂತಿತ್ತು, ಕಲ್ಯಾಣಪ್ಪನಿಗೆ ಆ ಕೆಲಸ ಸಿಕ್ಕಿತು.

ಒಂದೊಂದೇ ಮನೆ ಮುಂಬಯಿಗೆ, ಇಸ್ರೇಲಿಗೆ ಹೊರಟಿತು. ಎಪ್ಪತ್ತಾರರಲ್ಲಿ ಸಾಹೇಬರಿಗೂ ವರ್ಗದ ಆರ್ಡರ್ ಬಂತು. ರಿಜಿಸ್ಟರುಗಳನ್ನು ಏನು ಮಾಡುವುದೆಂದು ತೀರ್ಮಾನಿಸಲು ಒಂದು ಶನಿವಾರ ಸಂಜೆ ಸರ್ವಸದಸ್ಯರ ಸಭೆ ಕರೆದರು. ಬಂದವರು ಮೂವರು. ಕೋರಂ ಇಲ್ಲವೆಂದು ಸಭೆಯನ್ನು ಮುಂದಿನ ಶನಿವಾರಕ್ಕೆ ಮುಂದೂಡಿದರು. ಆ ಶನಿವಾರ ಬರುವ ಮೊದಲೇ ಉಳಿದಿಬ್ಬರೂ ಊರು ಬಿಟ್ಟಿದ್ದರು. ಗುರುವಾರ ಸಾಹೇಬರ ರೈಲು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಅವರು ಹೇಳಿದರಂತೆ, "ಕಲ್ಯಾಣಪ್ಪ, ಚಾರ್ಜ್ ನಿನ್ನ ಹತ್ತಿರ. ನಮ್ಮವರು ಯಾರಾದರೂ ಸಭೆ ಸೇರಿ, ಠರಾವು ಮಾಡಿ ಕೇಳಿದರೆ ಮಾತ್ರ ಕೊಡು. ಸಭೆ ಮುಗಿದಿಲ್ಲ, ಮುಂದೂಡಿದ್ದೇವೆ, ಅಷ್ಟೇ." ಹದಿನಾಲ್ಕು ರಿಜಿಸ್ಟರ್, ಒಂದು ಮೊಹರು, ಒಂದು ಮಸಿ ದೌತಿ ಎಂದು ಪಟ್ಟಿ ಬರೆದು ಇಬ್ಬರೂ ಸಹಿ ಹಾಕಿದರು.

ಬೇರೆ ಯಾರೇ ಆಗಿದ್ದರೂ ಟ್ರಂಕನ್ನು ಅಟ್ಟಕ್ಕೆ ಏರಿಸಿ ಮರೆಯುತ್ತಿದ್ದರು. ಈ ಮನುಷ್ಯ ಆ ಶನಿವಾರ ಖಾಲಿ ಮಾಳಿಗೆಗೆ ಹೋಗಿ, ತಾಸು ಕಾದು, "ಹಾಜರಿ: ನಿಲ್" ಎಂದು ಬರೆದರು. ಮಾಳಿಗೆ ಬಿಟ್ಟುಕೊಡಬೇಕಾಗಿ ಬಂದಾಗ, "ಕಚೇರಿಯು ತಾತ್ಕಾಲಿಕವಾಗಿ ಗುಮಾಸ್ತನ ನಿವಾಸದಲ್ಲಿ ನಡೆಯುವುದು" ಎಂದು ಬರೆದು ಟ್ರಂಕನ್ನು ರಿಕ್ಷಾದಲ್ಲಿ ಮನೆಗೆ ತಂದರು. ತಾತ್ಕಾಲಿಕ!

ಈಗ ಆ ತಾತ್ಕಾಲಿಕಕ್ಕೆ ಕುತ್ತು ಬಂದಿತ್ತು. ಇನ್ನು ಮೂರು ವಾರಕ್ಕೆ ಮನೆಯವರೆಲ್ಲ ಮಣಿಕೊಂಡದ ಹೊಸ ಫ್ಲಾಟಿಗೆ ಹೋಗುವವರಿದ್ದರು. "ಅಪ್ಪಾ, ಆ ಟ್ರಂಕು ಮಣಿಕೊಂಡಕ್ಕ ಬರೂದಿಲ್ಲ. ಯಾರಿಗರೆ ಕೊಡ್ರಿ, ಇಲ್ಲಾಂದ್ರ ರದ್ದಿಯವ ಒಯ್ತಾನ" ಎಂದು ಚೇತನಕುಮಾರ ಕಡ್ಡಿ ಮುರಿದಂತೆ ಹೇಳಿದ್ದ. ಅದರ ಮೇಲೆ ಕಲ್ಯಾಣಪ್ಪನವರ ಎರಡೂ ಕಣ್ಣಿಗೆ ಪೊರೆ, ಅದೇ ವಾರದ ಬುಧವಾರ ಒಂದರ ಆಪರೇಶನ್. ಬರೆದ ಸಾಲುಗಳು ಗೆರೆ ಬಿಟ್ಟು ಇಳಿಯತೊಡಗಿದ್ದವು. ಚಾರ್ಜ್ ತೆಗೆದುಕೊಂಡವನು ಚಾರ್ಜ್ ಕೊಡದೆ ಹೋದರೆ ಹೇಗೆ ಎನ್ನುವುದೊಂದೇ ಚಿಂತೆ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಉಪ್ಪಲ್‌ನಲ್ಲಿ ಕೆಲಸ ಮಾಡುವ ಮೊಮ್ಮಗಳು ಐಶ್ವರ್ಯಾ ಟ್ರಂಕಿನ ಫೋಟೋ ತೆಗೆದು ಫೇಸ್‌ಬುಕ್ಕಿನ ಯಾವುದೋ ಗುಂಪಿಗೆ ಹಾಕಿದಳು. ಹದಿನೈದು ದಿನದಲ್ಲಿ ಮುಂಬಯಿ ಪಕ್ಕದ ಠಾಣೆಯಿಂದ ಫೋನು ಬಂತು. ಶುಕ್ರವಾರ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಐವತ್ತಮೂರು ವರ್ಷ, ಕತ್ತರಿಸಿದ ಕೂದಲು, ಕೈಯಲ್ಲಿ ಚೀಲ, ಮುಖದ ತುಂಬ ನಗು.

"ಕಲ್ಯಾಣಪ್ಪ ಕಾಕಾ, ನಾನು ಶೋಷನ್ನಾ. ಡೇನಿಯಲ್ ರೋಹೆಕರ್ ಅವರ ಮಗಳು." ಆಕೆಯ ಮಾತು ಮರಾಠಿ, ಬೀದರ ಕಡೆಯ ಈ ದಂಪತಿಗೆ ಅದೇನು ಹೊಸದಲ್ಲ, ಅವರೂ ಅದರಲ್ಲೇ ಉತ್ತರಿಸಿದರು. ನಾನು ಮಾತ್ರ ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಕಲ್ಯಾಣಪ್ಪನವರು ಆಕೆಯ ಮುಖದ ಹತ್ತಿರ ಮುಖ ತಂದು ಕಣ್ಣು ಕಿರಿದು ಮಾಡಿ ನೋಡಿದರು. "ಶೋಷಿ? ದೌತಿ ಉಳ್ಳಿಸಿದ ಶೋಷಿ?"

ನಕ್ಕರು, ಅತ್ತರು, ಸುಂದರಾಬಾಯಿಯ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಆಯಿತು. ಠಾಣೆಯಲ್ಲಿ ತಮ್ಮ ಜನರ ಹಳೆಯ ದಾಖಲೆಗಳನ್ನೆಲ್ಲ ಕೂಡಿಸಿ ಒಂದು ಕೋಣೆ ಮಾಡಿದ್ದೇವೆ, ಭಾನುವಾರ ಬೆಳಗಿನ ರೈಲಿಗೆ ಟ್ರಂಕು ಒಯ್ಯುತ್ತೇನೆ ಎಂದಳು ಶೋಷನ್ನಾ. ಚೇತನಕುಮಾರ ಆಟೋದವನಿಗೆ ಹೇಳಿಯೂಬಿಟ್ಟ. ಎಲ್ಲರಿಗೂ ಎದೆಯ ಭಾರ ಇಳಿದಂತಾಯಿತು.

ಆಗ ಕಲ್ಯಾಣಪ್ಪನವರು ಗಂಟಲು ಸರಿಮಾಡಿಕೊಂಡು ಕೇಳಿದರು, "ಠರಾವು ಎಲ್ಲೈತವ್ವಾ?"

"ಯಾವ ಠರಾವು ಕಾಕಾ?"

"ಸಭಾದ ಠರಾವು. ಕೋರಂ ಆಗಬೇಕು, ಹತ್ತು ಮಂದಿ. ಠರಾವು ಪಾಸ್ ಆಗಬೇಕು. ಆಮ್ಯಾಲೆ ನಾ ಚಾರ್ಜ್ ಕೊಡತೀನಿ."

"ಅಯ್ಯ, ನಾನು ಅವರ ಮಗಳಲ್ಲವೇ!"

"ಮಗಳಾದ್ರೇನು? ಚಾರ್ಜು ಹೊಲ ಮನಿ ಅಲ್ಲ, ಮಕ್ಕಳಿಗೆ ಬರಾಕ."

ಮನೆಯಲ್ಲಿ ಗದ್ದಲವೆದ್ದಿತು. ಚೇತನಕುಮಾರ ಹಣೆ ಚಚ್ಚಿಕೊಂಡ. ಸುಂದರಾಬಾಯಿ, "ಆ ಮಗಳು ಅಷ್ಟು ದೂರದಿಂದ ಬಂದಾಳ, ನಿಮಗ ಬುದ್ಧಿ ಐತೇನು?" ಎಂದು ಬಾಯಿ ಮಾಡಿದರು. ಮುದುಕ ಜಪ್ಪಯ್ಯ ಅನ್ನಲಿಲ್ಲ. ಶೋಷನ್ನಾ ಮಾತ್ರ ಸಿಟ್ಟಾಗಲಿಲ್ಲ. ಅಪ್ಪನೂ ಹೀಗೇ ಇದ್ದ ಎಂದು ನಕ್ಕು, ಫೋನು ಹಿಡಿದು ಹೈದರಾಬಾದಿನಲ್ಲಿ ತಮ್ಮವರು ಯಾರಿದ್ದಾರೆಂದು ಹುಡುಕಲು ಕೂತಳು. ಸಂಜೆಯ ತನಕ ಕೂತಳು. ಸಿಕ್ಕವರು ನಾಲ್ವರು. ಅದರಲ್ಲಿ ಇಬ್ಬರು ಪರ ಊರಿನಲ್ಲಿದ್ದರು, ಒಬ್ಬರು ಆಸ್ಪತ್ರೆಯಲ್ಲಿ, ಇನ್ನೊಬ್ಬರು ಮುಂದಿನ ತಿಂಗಳು ನೋಡೋಣ ಎಂದರು. ಹೊತ್ತು ಮುಳುಗಿತು. ಸಬ್ಬತ್ತು ಬಂತೆಂದು ಆಕೆ ಫೋನು ಆಫ್ ಮಾಡಿ ಚೀಲದಲ್ಲಿಟ್ಟಳು. ಇನ್ನು ನಾಳೆ ಚುಕ್ಕಿ ಮೂಡುವ ತನಕ ಅದು ಹೊರಗೆ ಬರುವ ಮಾತಿಲ್ಲ.

"ಆಗಲಿ ಕಾಕಾ," ಎಂದಳು. "ನಿಮ್ಮ ನಿಯಮ ನೀವು ನೋಡುತ್ತೀರಿ, ನಮ್ಮದು ನಾನು ನೋಡುತ್ತೇನೆ. ಇಬ್ಬರದೂ ಒಂದೇ ಜಾತಿಯ ಹಠ."

ಆ ಮಾತು ಕಲ್ಯಾಣಪ್ಪನವರಿಗೆ ನಾಟಿತು. ನೀವು ಅವರನ್ನು ಕಲ್ಲೆದೆಯವರೆಂದು ತಿಳಿಯಬೇಡಿ. ಕೊಡಬೇಕೆಂದು ಅವರಿಗೇ ಎಲ್ಲರಿಗಿಂತ ಹೆಚ್ಚು ಆಸೆಯಿತ್ತು. ಆದರೆ ಸುಮ್ಮನೆ ಎತ್ತಿ ಕೊಟ್ಟರೆ, ಅಷ್ಟು ಶನಿವಾರ ತಾವು ಬರೆದದ್ದೆಲ್ಲ ಹುಡುಗಾಟವಾದಂತೆ. ಹಾಗೆಂದು ಬಾಯಿಬಿಟ್ಟು ಹೇಳಲು ಸಂಕೋಚ. ಇಡೀ ಶನಿವಾರ ಊಟ ಸೇರದೆ ಒಳಗೂ ಹೊರಗೂ ಓಡಾಡಿದರು.

ಮಧ್ಯಾಹ್ನ ಎಲ್ಲರೂ ಮಲಗಿದಾಗ ಟ್ರಂಕು ಎಳೆದರು. ಕೊಡಲಿ ಬಿಡಲಿ, ಪಟ್ಟಿಯ ಪ್ರಕಾರ ಎಲ್ಲ ಇದೆಯೇ ಎಂದು ತಾಳೆ ನೋಡಿಡಬೇಕಲ್ಲ. ನೋಡಿದರೆ ರಿಜಿಸ್ಟರಿನ ಮೇಲಿನ ನಂಬರುಗಳು ಮಂಜಿನೊಳಗೆ ಹೋದಂತೆ ಕಾಣುತ್ತಿವೆ. ಭೂತಗನ್ನಡಿ ಹಿಡಿದರು, ಕಿಟಕಿಯ ಹತ್ತಿರ ಹೋದರು. ಊಹೂಂ. ಕೊನೆಗೆ ಜನ್ಮದಲ್ಲಿ ಮೊದಲ ಸಲ ಟ್ರಂಕು ತೆರೆದಿರುವಾಗ ಹೆಂಡತಿಯನ್ನು ಕರೆದರು.

"ಸುಂದರಾ, ಸ್ವಲ್ಪ ಬಾ ಇಲ್ಲಿ. ಬರೇ ನಂಬರ್ ಓದು. ಒಳಗ ನೋಡಬ್ಯಾಡ."

ನಲವತ್ತೊಂಬತ್ತು ವರ್ಷ ಹೊರಗೆ ನಿಲ್ಲಿಸಿದವಳಿಗೆ ಒಳಗೆ ನೋಡಬೇಡ ಎಂದರೆ ನೋಡದೆ ಇರುತ್ತಾಳೆಯೇ? ಸುಂದರಾಬಾಯಿ ಒಂದನೇ ನಂಬರಿನ ರಿಜಿಸ್ಟರ್ ಕೈಗೆ ಬಂದದ್ದೇ ತಡ, ಮೊದಲ ಪುಟ ತಿರುವಿದರು.

"ಅದು ಅವರ ಸ್ತೋತ್ರ, ಮುಚ್ಚು" ಎಂದರು ಕಲ್ಯಾಣಪ್ಪನವರು. ಆ ಪುಟ ಮೋಡಿ ಲಿಪಿಯಲ್ಲಿತ್ತು. ಹಿಂದಿನ ಕಾಲದ ಮರಾಠಿ ಬರವಣಿಗೆ, ಕೈ ಎತ್ತದೆ ಬಳ್ಳಿಯ ಹಾಗೆ ಬರೆಯುವಂಥದು. ಅವರಿಗೆ ಮೋಡಿ ಬಾರದು. ಮೊದಲ ಪುಟವೆಂದ ಮೇಲೆ ದೇವರ ಪ್ರಾರ್ಥನೆಯೇ ಇರಬೇಕೆಂದು ಅವರೇ ತೀರ್ಮಾನಿಸಿ, ವರ್ಷಕ್ಕೊಮ್ಮೆ ಕೈ ಮುಗಿದು ಮುಚ್ಚಿಡುತ್ತಿದ್ದರು.

ಸುಂದರಾಬಾಯಿ ಮುಚ್ಚಲಿಲ್ಲ. ತುಟಿ ಆಡಿಸುತ್ತ ಸಾಲಿನ ಮೇಲೆ ಬೆರಳು ಓಡಿಸಿದರು. "ಯಾವ ಸ್ತೋತ್ರಾನೂ ಅಲ್ರಿ ಇದು. ನಿಯಮ ಅದಾವ. ಒಂದು, ಎರಡು, ಮೂರು ಅಂತ ಬರದಾರ."

"ನಿನಗ ಮೋಡಿ ಬರತೈತೇನು?"

"ಭಾಲ್ಕಿಯೊಳಗ ನಮ್ಮಜ್ಜಗ ಕಣ್ಣು ಮಂದ ಆದಾಗ ಅವನ ಕಾಗದಾ ಓದಿ ಹೇಳಾಕಿ ಯಾರು? ನಾನ. ಕೂಡಿಸಿಕೊಂಡು ಕಲಿಸಿದ್ದ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು?" ಸುಂದರಾಬಾಯಿ ಕನ್ನಡಕದ ಮೇಲಿಂದ ನೋಡಿದರು. "ಆಫೀಸ್ ಕಾಗದ ಮನಿ ಮಂದಿ ನೋಡಬಾರದಲ್ಲ!"

ಕಲ್ಯಾಣಪ್ಪನವರು ಭೂತಗನ್ನಡಿ ಕೆಳಗಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, "ಓದು" ಎಂದರು.

ಸುಂದರಾಬಾಯಿ ತಡವರಿಸುತ್ತ, ಕೆಲವು ಕಡೆ ಹಿಂದೆ ಹೋಗುತ್ತ ಓದಿದರು. ನಾಲ್ಕನೇ ನಿಯಮ: ಯಾರ ಹೆಸರು ನಾಮಕರಣದ ರಿಜಿಸ್ಟರಿನಲ್ಲಿದೆಯೋ, ಗಂಡಾಗಲಿ ಹೆಣ್ಣಾಗಲಿ, ಅವರು ಹದಿನೆಂಟು ತುಂಬಿದ ಮೇಲೆ ಸದಸ್ಯರು. ಒಂಬತ್ತು: ಪ್ರಾರ್ಥನೆಗೆ ಹತ್ತು ಜನ ಬೇಕು. ಹತ್ತು: ಕೆಲಸದ ಸಭೆಗೆ ಐವರು ಸಾಕು, ಅಷ್ಟು ಜನ ಬಾರದಿದ್ದರೆ ಸಭೆಯನ್ನು ಒಂದು ವಾರ ಮುಂದೂಡಬೇಕು. ಹನ್ನೊಂದು: ಹಾಗೆ ಮುಂದೂಡಿದ ಸಭೆಗೆ ಎಷ್ಟು ಜನ ಬಂದರೂ, ಒಬ್ಬರೇ ಬಂದರೂ, ಸಭೆ ಊರ್ಜಿತ.

"ಇನ್ನೊಮ್ಮೆ ಓದು."

ಓದಿದರು. ಕಲ್ಯಾಣಪ್ಪನವರು ದಿವಾನದ ಮೇಲೆ ಕುಸಿದು ಕೂತರು. ಪ್ರಾರ್ಥನೆಯ ಹತ್ತನ್ನು ತಂದು ಸಭೆಗೆ ಅಂಟಿಸಿ, ನಲವತ್ತೊಂಬತ್ತು ವರ್ಷ ಅದನ್ನೇ ಹಿಡಿದು ಕೂತಿದ್ದರು. ಕಂದಾಯ ಇಲಾಖೆಯಲ್ಲಿ ಕಿರಿಯರಿಗೆಲ್ಲ "ಮೊದಲು ನಿಯಮ ಓದ್ರಿ, ಆಮ್ಯಾಲೆ ಬರೀರಿ" ಎಂದು ಬೈಯುತ್ತಿದ್ದ ಮನುಷ್ಯ ಇವರು! ಮುಖ ಕೆಂಪಾಯಿತು. ಆಮೇಲೆ ಹೊಟ್ಟೆಯೊಳಗಿಂದ ನಗು ಹತ್ತಿತು. ಗಂಡ ನಗುವುದನ್ನು ನೋಡಿ ಹೆಂಡತಿಗೂ ನಗು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಸದ್ದಿಗೆ ಎದ್ದು ಬಂದ ಶೋಷನ್ನಾಗೆ ಏನೂ ತಿಳಿಯಲಿಲ್ಲ.

"ಶೋಷಿ, ನಿನ್ನ ನಾಮಕರಣ ಎಪ್ಪತ್ತೆರಡರಾಗ. ಬರದಾಂವ ನಾನ" ಎಂದರು ಕಲ್ಯಾಣಪ್ಪನವರು. "ಇವತ್ತು ಸಂಜೀಕ ಸಭಾ ಐತಿ. ತಪ್ಪಸಬ್ಯಾಡ."

ಸಭೆಗೆ ಮೂರು ಚುಕ್ಕಿ ಬೇಕಲ್ಲ. ಆರೂವರೆಗೇ ಎಲ್ಲರೂ ಮನೆಯ ತಾರಸಿ ಹತ್ತಿದರು. ಎದುರಿಗೆ ಮೆಟ್ರೋ ಓಡುತ್ತಿತ್ತು, ಕೋಚಿಂಗ್ ಸೆಂಟರುಗಳ ಬೋರ್ಡುಗಳು ಝಗಝಗ ಎನ್ನುತ್ತಿದ್ದವು. ದಿಲ್‌ಸುಖ್‌ನಗರದ ಆಕಾಶದಲ್ಲಿ ಚುಕ್ಕಿ ಹುಡುಕುವುದೆಂದರೆ ಹುಡುಗಾಟವಲ್ಲ. ಒಂದು ಬೇಗ ಸಿಕ್ಕಿತು. ಎರಡನೆಯದು ಹತ್ತು ನಿಮಿಷಕ್ಕೆ. "ಮೂರನೇದು ಅಲ್ಲೈತಿ ಅಜ್ಜಾ!" ಎಂದು ಐಶ್ವರ್ಯಾ ಕೂಗಿದಳು. ಅದು ಮಿಣಮಿಣ ಎನ್ನುತ್ತ ಶಂಷಾಬಾದಿನ ಕಡೆ ಹೊರಟೇಹೋಯಿತು. ವಿಮಾನ! ಕಲ್ಯಾಣಪ್ಪನವರಿಗೆ ಪೊರೆಯ ಕಣ್ಣಿನಲ್ಲಿ ಒಂದೂ ಕಾಣುತ್ತಿರಲಿಲ್ಲ. ಗೋಡೆ ಹಿಡಿದು ನಿಂತು, "ಬಂತೇನು? ಬಂತೇನು?" ಎಂದು ಚಿಕ್ಕ ಮಕ್ಕಳ ಹಾಗೆ ಕೇಳುತ್ತಿದ್ದರು. ಕೊನೆಗೆ ನೀರಿನ ಟ್ಯಾಂಕಿನ ಮೇಲೆ ಸಣ್ಣದೊಂದನ್ನು ಸುಂದರಾಬಾಯಿಯೇ ಕಂಡರು. ಶೋಷನ್ನಾ ಹೌದೆಂದಳು.

ದಿವಾನದ ಮುಂದೆ ಸಭೆ ಕೂಡಿತು. ಕಲ್ಯಾಣಪ್ಪನವರು ಹದಿನಾಲ್ಕನೇ ರಿಜಿಸ್ಟರನ್ನು ಮೊದಲ ಸಲ ಇನ್ನೊಬ್ಬರ ಕೈಗೆ ಕೊಟ್ಟರು. ಈಕೆ ನಕ್ಕರೆ ಗತಿಯೇನು ಎಂದು ಅವರಿಗೆ ಭಯ. ಶೋಷನ್ನಾ ಪುಟ ತಿರುವಿದಳು. ನಿಲ್. ನಿಲ್. ನಿಲ್. ಒಂದೊಂದು ಕಡೆ ಮಾತ್ರ ಇನ್ನೊಂದು ಸಾಲು. "ಈ ದಿನ ಗುಮಾಸ್ತನಿಗೆ ಗಂಡು ಮಗು ಹುಟ್ಟಿದ್ದರಿಂದ ಕಚೇರಿ ಹತ್ತು ನಿಮಿಷ ತಡವಾಗಿ ತೆರೆಯಿತು." "ಊರಿನಲ್ಲಿ ಕರ್ಫ್ಯೂ. ಗುಮಾಸ್ತ ಹಾಜರ್." ಬಹಳ ಹಿಂದೆ, ಎಪ್ಪತ್ತೈದರ ಒಂದು ಪುಟದಲ್ಲಿ ಅಂಗೈಯಗಲ ನೀಲಿ ಕಲೆ, ಪಕ್ಕದಲ್ಲಿ: "ಕುಮಾರಿ ಶೋಷನ್ನಾ, ವಯಸ್ಸು ಮೂರು, ದೌತಿ ಉರುಳಿಸಿದರು. ಸೆಕ್ರೆಟರಿಯವರು ಕ್ಷಮಿಸಿದ್ದಾರೆ."

ಆಕೆ ನಕ್ಕಳು. ನಗುತ್ತ ನಗುತ್ತಲೇ ಅಳು ಬಂತು. "ಕಾಕಾ, ಠಾಣೆಯಲ್ಲಿ ನಮ್ಮ ಹಳೆಯ ಸಿನಗಾಗ್‌ಗಳ ಪಟ್ಟಿ ಇದೆ. ಸಿಕಂದರಾಬಾದಿನ ಮುಂದೆ 'ಎಪ್ಪತ್ತಾರರಲ್ಲಿ ಮುಚ್ಚಿತು' ಎಂದು ನಾನೇ ಬರೆದಿದ್ದೇನೆ. ತಪ್ಪು ಬರೆದೆ. ಇದು ಒಂದು ವಾರವೂ ಮುಚ್ಚಿಲ್ಲ."

ಕಲ್ಯಾಣಪ್ಪನವರು ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು. ಪೆನ್ನು ತೆಗೆದುಕೊಂಡರು. ತಾರೀಖು ಹಾಕಿದರು. "ಹಾಜರಿ" ಎಂದು ಬರೆದು, ಅಭ್ಯಾಸದಿಂದ "ನಿ" ಎಂದು ಹೊರಟ ಕೈಯನ್ನು ತಡೆದು, ಹೆಂಡತಿ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಬರೆದರು: ಒಂದು.

ಮೊದಲ ಠರಾವು: ಹದಿಮೂರು ರಿಜಿಸ್ಟರುಗಳು ಠಾಣೆಗೆ. ಪಟ್ಟಿಗೆ ಸಹಿ ಬಿತ್ತು, ಚಾರ್ಜ್ ಇಳಿಯಿತು. ಎರಡನೆಯದು: ಸಭೆ ಇನ್ನೂ ನಡೆಯುತ್ತಿರುವುದರಿಂದ, ಖಾಲಿ ಪುಟಗಳಿರುವ ಹದಿನಾಲ್ಕನೆಯದು ಇಲ್ಲೇ ಇರತಕ್ಕದ್ದು. ಮೂರನೆಯದು: ಕಲ್ಯಾಣಪ್ಪನವರನ್ನು ಸೆಕ್ರೆಟರಿಯಾಗಿ ನೇಮಿಸಲಾಗಿದೆ.

"ಆಗೂದಿಲ್ಲ," ಎಂದರು ಅವರು ಥಟ್ಟನೆ. "ನಾ ಸದಸ್ಯ ಅಲ್ಲ."

"ಹಂಗಾಮಿ ಸೆಕ್ರೆಟರಿ ಆಗಬಹುದಲ್ಲ?" ಎಂದಳು ಶೋಷನ್ನಾ.

ಕಲ್ಯಾಣಪ್ಪನವರು ಯೋಚಿಸಿದರು. ಮೂವತ್ತೈದು ವರ್ಷ ಕಾದರೂ ಕಂದಾಯ ಇಲಾಖೆ ಒಂದು ಮೇಲಿನ ಹುದ್ದೆ ಕೊಟ್ಟಿರಲಿಲ್ಲ. ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾಗಿದ್ದರು. "ಹಂಗಾಮಿ ಆಗಬಹುದು," ಎಂದರು, ಕಿವಿಯ ತನಕ ಕೆಂಪಾಗಿ. "ಆದ್ರ ಗುಮಾಸ್ತನ ಜಾಗಾ ಖಾಲಿ ಆಗತೈತಿ."

ಎಲ್ಲರೂ ಸುಂದರಾಬಾಯಿಯ ಕಡೆ ನೋಡಿದರು. ನಾಲ್ಕನೇ ಠರಾವಿಗೆ ಯಾರ ವಿರೋಧವೂ ಬರಲಿಲ್ಲ. ಸಭೆಯನ್ನು ಮುಂದಿನ ಶನಿವಾರಕ್ಕೆ ಮುಂದೂಡಲಾಯಿತು. ಶೋಷನ್ನಾ ಅವಲಕ್ಕಿಗೆ ಕಾಯಿತುರಿ, ಸಕ್ಕರೆ, ಏಲಕ್ಕಿ ಕಲಸಿ ತಮ್ಮ ಮಲಿದಾ ಮಾಡಿದಳು. ನಮ್ಮ ಮಾದಲಿಯ ತಂಗಿ ಇದ್ದಂಗ ಐತಿ ಎಂದು ಸುಂದರಾಬಾಯಿ ಎರಡು ಸಲ ಹಾಕಿಸಿಕೊಂಡರು.

ಮುಂದಿನ ಶನಿವಾರ ಆಫೀಸು ಮಣಿಕೊಂಡದಲ್ಲಿ. ಕಣ್ಣಿಗೆ ಕರಿ ಕನ್ನಡಕ ಹಾಕಿದ ಹಂಗಾಮಿ ಸೆಕ್ರೆಟರಿ ಏಳು ಗಂಟೆಗೆ ಸರಿಯಾಗಿ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಇಸ್ತ್ರಿ ಸೀರೆ ಉಟ್ಟ ಗುಮಾಸ್ತಳು ಆಗಲೇ ರಿಜಿಸ್ಟರ್ ತೆರೆದಿದ್ದರು.

"ಹೊರಗ ಕೂಡ್ರಿ. ಕರದಾಗ ಬರ್ರಿ."

"ಅಲ್ಲ ಸುಂದರಾ, ನಾ ಸೆಕ್ರೆಟರಿ..."

"ಅದಕ್ಕ ಹೇಳಾಕತ್ತೀನಿ, ಸಾಹೇಬ್ರ ಜಾಗಾ ಬ್ಯಾರೆ ಇರತೈತಿ."

ಅವರು ಬಾಲ್ಕನಿಯಲ್ಲಿ ಕೂತರು. ಆಪರೇಶನ್ ಆದ ಕಣ್ಣಿಗೆ, ಕರಿ ಗಾಜಿನಾಚೆಯೂ, ಒಂದು ಚುಕ್ಕಿ ಸ್ಪಷ್ಟವಾಗಿ ಕಂಡಿತು. ಇನ್ನೊಂದು. ಮೂರನೆಯದನ್ನು ಹುಡುಕುವಷ್ಟರಲ್ಲಿ ಕಿಸೆಯ ಫೋನು ಬಡಿದುಕೊಂಡಿತು. ಠಾಣೆಯಿಂದ ಶೋಷನ್ನಾ. ಅಲ್ಲಿ ಆಗಲೇ ಮೂರೂ ಕಂಡಿದ್ದವಂತೆ.

"ಸುಂದರಾ!" ಕಲ್ಯಾಣಪ್ಪನವರು ಖುಷಿಯಿಂದ ಕೂಗಿದರು. "ಹಾಜರಿ ಒಂದು! ಫೋನಿನಾಗ ಬಂದಾಳ, ಬರಕೋ!"

ಒಳಗಿಂದ ಗುಮಾಸ್ತಳ ದನಿ ಬಂತು. "ಬಾಯಿ ಮಾತಿನ ಮ್ಯಾಲೆ ಹೆಂಗ ಬರೀಲಿ? ಸಾಹೇಬ್ರು ಲಿಖಿತ ಕೊಡ್ರಿ."

ಸಾಹೇಬರು ಎದ್ದು ಒಂದು ಕಾಗದ ಹುಡುಕತೊಡಗಿದರು.